ಆ ಹೆಡ್‌ಲೈನ್ ಓದಿದ್ದು ನಾನೇ

ಇವತ್ತಿನದು ಸ್ವಲ್ಪ ಇರುಸುಮುರುಸಿನ ವಿಷಯ. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದರೆ ನಿಮ್ಮ ಕೈ ರಿಮೋಟ್ ಕಡೆಗೆ ಹೋಗಬಹುದು. ದಯವಿಟ್ಟು ಐದು ನಿಮಿಷ ತಡೀರಿ. ಇದು ಹಾಸನದ ಸುದ್ದಿ, ಕಾನೂನಿನ ಸುದ್ದಿ. ಜೊತೆಗೆ ನಾನು ಮಾಡಿದ ಒಂದು ತಪ್ಪಿನ ಸುದ್ದಿಯೂ ಹೌದು.

2024ರ ಜೂನ್ ನಿಮಗೆ ನೆನಪಿದೆ. ಪೆನ್‌ಡ್ರೈವ್ ಪ್ರಕರಣದ ಬಿಸಿ ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಹೊಳೆನರಸೀಪುರದ ಅದೇ ರಾಜಕೀಯ ಕುಟುಂಬದ ಇನ್ನೊಬ್ಬರು, ವಿಧಾನ ಪರಿಷತ್ ಸದಸ್ಯ ಸೂರಜ್ ರೇವಣ್ಣ ಅವರ ಮೇಲೆ ದೂರು ಬಂತು. ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ದೂರು ಕೊಟ್ಟವರು ಒಬ್ಬ ಗಂಡಸು, ಪಕ್ಷದ ಯುವ ಕಾರ್ಯಕರ್ತ. ಜೂನ್ 23ರಂದು ಬಂಧನವಾಯಿತು. ತನಿಖೆ ಸಿಐಡಿಗೆ ಹೋಯಿತು. ಸೂರಜ್ ಆರೋಪ ನಿರಾಕರಿಸಿದರು. ಹಣಕ್ಕಾಗಿ ಬೆದರಿಸುತ್ತಿದ್ದಾರೆ ಅಂತ ಅವರ ಕಡೆಯಿಂದ ಪ್ರತಿದೂರೂ ದಾಖಲಾಗಿತ್ತು. ಜುಲೈನಲ್ಲಿ ಜಾಮೀನು ಸಿಕ್ಕಿತು. ಯಾರ ಮಾತು ನಿಜ ಅನ್ನೋದನ್ನ ಸ್ಟುಡಿಯೋದಲ್ಲಿ ಕೂತು ನಾನು ತೀರ್ಮಾನ ಮಾಡೋ ಹಾಗಿಲ್ಲ, ಮಾಡೋದೂ ಇಲ್ಲ. ನಾನು ಹೇಳಬೇಕಿರೋದು ಆ ದಿನ ನಾವು ಬಳಸಿದ ಒಂದು ಪದದ ಬಗ್ಗೆ.

ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಬಂದದ್ದು ‘ಸಲಿಂಗಕಾಮ ಪ್ರಕರಣ’. ಅದನ್ನ ಗಟ್ಟಿಯಾಗಿ ಓದಿದ್ದು ನಾನೇ.

ಒಂದು ಕ್ಷಣ ಯೋಚನೆ ಮಾಡಿ. ಹೆಣ್ಣುಮಗಳ ಮೇಲೆ ಅತ್ಯಾಚಾರದ ದೂರು ಬಂದಾಗ ನಾವು ಅದನ್ನ ‘ಗಂಡು-ಹೆಣ್ಣಿನ ಕಾಮ ಪ್ರಕರಣ’ ಅಂತ ಕರೀತೀವಾ? ಇಲ್ಲ. ದೌರ್ಜನ್ಯ ಅಂತೀವಿ. ಒಪ್ಪಿಗೆ ಇಲ್ಲದೆ ನಡೆದಿದ್ದರೆ ಅದು ಅಪರಾಧ, ಅಷ್ಟೇ. ದೂರು ಕೊಟ್ಟವರು ಗಂಡಸಾದ ಕೂಡಲೇ ‘ದೌರ್ಜನ್ಯ’ ಅನ್ನೋ ಪದ ಮಾಯವಾಗಿ ‘ಸಲಿಂಗಕಾಮ’ ಯಾಕೆ ಬಂತು? ಹೆಡ್‌ಲೈನ್ ಓಡತ್ತೆ ಅಂತ. ಸುಳ್ಳು ಯಾಕೆ ಹೇಳಲಿ?

ಆ ವಾರ ಜಿಲ್ಲೆ ಸುತ್ತಿದೆ. ಅರಕಲಗೂಡಿನ ಒಂದು ಟೀ ಅಂಗಡಿಯಲ್ಲಿ ಐದಾರು ಜನ ಈ ಸುದ್ದಿ ಹಿಡಿದುಕೊಂಡು ಬಿದ್ದುಬಿದ್ದು ನಗುತ್ತಿದ್ದರು. ಅದೇ ಮೇ 30ರಂದು, ಪೆನ್‌ಡ್ರೈವ್ ಪ್ರಕರಣದ ಹೆಣ್ಣುಮಕ್ಕಳಿಗೆ ನ್ಯಾಯ ಕೇಳಿ ‘ಹಾಸನ ಚಲೋ’ದಲ್ಲಿ ಸಾವಿರಾರು ಜನ ನಡೆದಿದ್ದರು. ಇಲ್ಲಿ ಅಂಥ ಸಿಟ್ಟು ನನ್ನ ಕಣ್ಣಿಗೆ ಬೀಳಲಿಲ್ಲ. ಬರೀ ನಗು. ಕ್ಯಾಮೆರಾದವನೂ ನಕ್ಕ. ನಾನೂ ನಕ್ಕೆ ಅಂತ ಕಾಣತ್ತೆ.

ಹದಿನೈದು ದಿನ ಕಳೆದ ಮೇಲೆ ಒಂದು ಮೆಸೇಜ್ ಬಂತು. ಚನ್ನರಾಯಪಟ್ಟಣ ತಾಲ್ಲೂಕಿನ ಹುಡುಗ. ಹೆಸರು ಬೇಡ. ಅವನು ಬರೆದಿದ್ದರ ಸಾರಾಂಶ ಇಷ್ಟು: ‘ಸಾರ್, ನಾನು ಗೇ. ಮನೇಲಿ ಯಾರಿಗೂ ಗೊತ್ತಿಲ್ಲ. ಆವತ್ತು ನೀವು ಆ ಸುದ್ದಿ ಓದ್ತಾ ಇದ್ರಿ, ನಾವು ಮುದ್ದೆ ಊಟಕ್ಕೆ ಕೂತಿದ್ವಿ. ಇಂಥೋರನ್ನ ನಿಲ್ಲಿಸಿ ಸುಡಬೇಕು ಅಂದ್ರು ಅಪ್ಪ. ಇಂಥೋರು ಅಂದ್ರೆ ದೌರ್ಜನ್ಯ ಮಾಡೋರು ಅಂತ ಅಲ್ಲ ಸಾರ್. ನನ್ನಂಥೋರು ಅಂತ. ತಟ್ಟೆ ಬಿಟ್ಟು ಎದ್ದೆ. ಹೊಟ್ಟೆನೋವು ಅಂತ ಹೇಳಿದೆ.’

ಇದನ್ನ ಮೂರು ಸಲ ಓದಿದೆ. ಆ ಅಪ್ಪ ಕೆಟ್ಟವರಲ್ಲ ಅನ್ನಿಸತ್ತೆ. ನಾನು ಕೊಟ್ಟ ಪದವನ್ನೇ ಅವರು ಎತ್ತಿಕೊಂಡರು.

ಈಗ ಕಾನೂನಿಗೆ ಬರೋಣ, ಇಲ್ಲೇ ಎಲ್ಲರೂ ಎಡವೋದು. ಐಪಿಸಿ 377ನೇ ಕಲಂ ಬ್ರಿಟಿಷರು 1860ರಲ್ಲಿ ಬರೆದದ್ದು. ‘ಪ್ರಕೃತಿಗೆ ವಿರುದ್ಧವಾದ’ ಸಂಭೋಗಕ್ಕೆ ಜೀವಾವಧಿಯವರೆಗೆ ಶಿಕ್ಷೆ. ಇಬ್ಬರೂ ಇಷ್ಟಪಟ್ಟು ಇದ್ದರಾ, ಒಬ್ಬರ ಮೇಲೆ ಇನ್ನೊಬ್ಬರು ಬಲಾತ್ಕಾರ ಮಾಡಿದರಾ ಅಂತ ಅದು ಕೇಳುತ್ತಲೇ ಇರಲಿಲ್ಲ. ಪ್ರೀತಿಯನ್ನೂ ದೌರ್ಜನ್ಯವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿಟ್ಟಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಆ ಚೀಲ ಬಿಚ್ಚಿತು. 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಟ್ಟಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು, ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ವಯಸ್ಕರಿಬ್ಬರು ಒಪ್ಪಿ ಇದ್ದರೆ ಅಪರಾಧ ಅಲ್ಲ. ಒಪ್ಪಿಗೆ ಇಲ್ಲದಿದ್ದರೆ 377 ಹಾಗೇ ಇರತ್ತೆ.

ಅಂದರೆ ‘ಸಲಿಂಗಕಾಮ’ ಅನ್ನೋ ಅಪರಾಧವೇ ಈ ದೇಶದಲ್ಲಿ 2018ರಿಂದ ಇಲ್ಲ. ಹೊಳೆನರಸೀಪುರದಲ್ಲಿ ದಾಖಲಾದದ್ದು ಒಪ್ಪಿಗೆ ಇಲ್ಲದ ಕೃತ್ಯದ ಆರೋಪ. ನಾನು ಓದಿದ ಹೆಡ್‌ಲೈನ್ ಆರು ವರ್ಷ ಹಳೆಯದಾಗಿತ್ತು!

ಇನ್ನೊಂದು ವಿಚಿತ್ರ ನೋಡಿ. ಬಂಧನ ಆದದ್ದು ಜೂನ್ 23. ಬರೋಬ್ಬರಿ ಎಂಟು ದಿನಕ್ಕೆ, ಜುಲೈ 1ರಂದು, ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ. ಅತ್ಯಾಚಾರದ ವ್ಯಾಖ್ಯೆ ಇರೋದು 63ನೇ ಕಲಂನಲ್ಲಿ. ಅಲ್ಲಿ ಸಂತ್ರಸ್ತೆ ಹೆಣ್ಣು ಮಾತ್ರ. ಒಪ್ಪಿಗೆ ಇಲ್ಲದ ಕೃತ್ಯಕ್ಕೆ ಶಿಕ್ಷೆ ಉಳಿಸಿಕೊಳ್ಳಿ ಅಂತ ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ 2023ರಲ್ಲೇ ಶಿಫಾರಸು ಮಾಡಿತ್ತು, ಉಳಿಯಲಿಲ್ಲ. ಹಳೆಯ ಘಟನೆಗಳಿಗೆ ಹಳೆಯ ಕಾನೂನೇ ಅನ್ವಯ, ಅದು ಬೇರೆ ಮಾತು. ಆದರೆ ನಾಳೆ ಇಪ್ಪತ್ತೈದರ ಹುಡುಗನೊಬ್ಬನ ಮೇಲೆ ಇಂಥದ್ದು ನಡೆದರೆ? ಹದಿನೆಂಟರ ಒಳಗಿನವರಿಗೆ ಪೋಕ್ಸೊ ಇದೆ. ದೊಡ್ಡವರಾದರೆ ಹಲ್ಲೆ, ಅಕ್ರಮ ಬಂಧನ ಅಂತ ಏನಾದರೂ ಹುಡುಕಬೇಕು. 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಈ ಬಗ್ಗೆ ನಿರ್ಧಾರ ತಗೊಳ್ಳಿ ಅಂತ ಕೇಂದ್ರಕ್ಕೆ ಹೇಳಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಪರಾಧ ಸೃಷ್ಟಿ ಮಾಡೋದು ಸಂಸತ್ತಿನ ಕೆಲಸ ಅಂದಿತು. ಕಾನೂನಿನಲ್ಲಿ ಇಷ್ಟು ದೊಡ್ಡ ತೂತು ಇರುವಾಗ ನಾವು ಟೀ ಅಂಗಡಿಯಲ್ಲಿ ನಗುತ್ತಾ ಕೂತಿದ್ದೆವು.

ಆ ನಗು ಇಬ್ಬರಿಗೆ ಪೆಟ್ಟು ಕೊಡತ್ತೆ. ದೌರ್ಜನ್ಯಕ್ಕೆ ಒಳಗಾದ ಗಂಡಸು ಠಾಣೆಯ ಮೆಟ್ಟಿಲು ಹತ್ತೋದಿಲ್ಲ, ಯಾಕಂದ್ರೆ ನಗ್ತಾರೆ. ಯಾರಿಗೂ ಏನೂ ಮಾಡದ ಗೇ ಹುಡುಗ ಮನೆಯಲ್ಲಿ ಬಾಯಿ ಬಿಡೋದಿಲ್ಲ, ಯಾಕಂದ್ರೆ ಅಪರಾಧಿಯ ಪಕ್ಕದಲ್ಲೇ ಅವನನ್ನ ನಿಲ್ಲಿಸಿಬಿಟ್ಟಿದ್ದೀವಿ.

‘ಪ್ರೈಡ್ ಅಂತ ಬಣ್ಣದ ಬಾವುಟ ಹಿಡ್ಕೊಂಡು ಯಾಕೆ ಮೆರವಣಿಗೆ ಮಾಡ್ತಾರೆ? ಹೆಮ್ಮೆಪಡೋಕೆ ಏನಿದೆ?’ ಅಂತ ನನ್ನನ್ನ ಕೇಳೋರು ಬಹಳ. ಬೆಂಗಳೂರಿನಲ್ಲಿ ಮೊದಲ ಮೆರವಣಿಗೆ ನಡೆದದ್ದು 2008ರಲ್ಲಿ. ಆಗ 377 ಪೂರ್ತಿ ಜಾರಿಯಲ್ಲಿತ್ತು. ಬೀದಿಗಿಳಿದವರಲ್ಲಿ ಎಷ್ಟೋ ಜನ ಕಾನೂನಿನ ಕಣ್ಣಲ್ಲಿ ಅಪರಾಧಿಗಳು. ಇಲ್ಲಿ ಹೆಮ್ಮೆ ಅಂದರೆ ಜಂಬ ಅಲ್ಲ, ತಲೆ ತಗ್ಗಿಸೋದಿಲ್ಲ ಅನ್ನೋ ಹಟ. ನಮ್ಮ ಕನ್ನಡದಲ್ಲೇ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಕಥೆಗಳನ್ನು ತಂದರು, ತಾವು ಗೇ ಅಂತ ಬಹಿರಂಗವಾಗಿ ಹೇಳಿಕೊಂಡರು. ಸಂಡೂರಿನ ಕಡೆಯ ಹುಡುಗ, ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದವರು. ಇದು ಅಮೆರಿಕಾದಿಂದ ಬಂದ ರೋಗ ಅನ್ನೋರು ಒಮ್ಮೆ ಆ ಪುಸ್ತಕ ಹಿಡೀಬೇಕು. ರೋಗ ಅನ್ನೋ ಪಟ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ತೆಗೆದದ್ದು 1990ರಲ್ಲೇ, ಬಿಡಿ.

ಜೊತೆಗೆ ನಿಲ್ಲೋರ ವಿಷಯ. ಸುಪ್ರೀಂ ಕೋರ್ಟ್‌ನಲ್ಲಿ 377ರ ಹೋರಾಟ ನಡೆದಾಗ 19 ಜನ ಅಪ್ಪ-ಅಮ್ಮಂದಿರು ತಾವೇ ಅರ್ಜಿ ಹಾಕಿದ್ದರು, ನಮ್ಮ ಮಕ್ಕಳು ಅಪರಾಧಿಗಳಲ್ಲ ಅಂತ. ನನಗೆ ಇನ್ನೂ ಹಿಡಿಸಿದ್ದು ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಮಾಡಿದ ಕೆಲಸ. 2021ರಲ್ಲಿ ಇಬ್ಬರು ಯುವತಿಯರು ಮನೆಯವರಿಂದ ರಕ್ಷಣೆ ಕೇಳಿ ಬಂದರು. ನ್ಯಾಯಮೂರ್ತಿಗಳು, ನನಗೇ ಈ ವಿಷಯ ಸರಿಯಾಗಿ ಗೊತ್ತಿಲ್ಲ, ನನ್ನಲ್ಲೂ ಪೂರ್ವಗ್ರಹ ಇದೆ ಅಂತ ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರ ಹತ್ತಿರ ಕೂತು ಕಲಿತರು. ಆಮೇಲೆ ಆದೇಶ ಬರೆದರು. ‘ಗುಣಪಡಿಸ್ತೀವಿ’ ಅನ್ನೋ ಚಿಕಿತ್ಸೆಗಳಿಗೆ ತಡೆ ಹಾಕಿದರು. ಹೈಕೋರ್ಟ್ ಜಡ್ಜ್ ಅಷ್ಟು ಮಾಡಬಹುದಾದರೆ ಟಿವಿಯವರಾದ ನಮಗೇನು ಧಾಡಿ?

ಮಾರನೇ ದಿನ ನ್ಯೂಸ್‌ರೂಮಿನಲ್ಲಿ, ಇನ್ನು ಮುಂದೆ ಇಂಥ ಸುದ್ದಿಗೆ ‘ಲೈಂಗಿಕ ದೌರ್ಜನ್ಯ ಆರೋಪ’ ಅಂತಲೇ ಬರೀಬೇಕು ಅಂದೆ. ‘ಯಾರು ನೋಡ್ತಾರೆ ಸಾರ್?’ ಅಂದ ಒಬ್ಬ. ನೋಡೋರು ನೋಡಲಿ ಅಂದೆ. ವಾದ ಅರ್ಧ ಗಂಟೆ ಆಯ್ತು. ಪದ ಬದಲಾಯ್ತು. ಎಲ್ಲ ಬುಲೆಟಿನ್‌ನಲ್ಲೂ ಅಲ್ಲ, ನನ್ನದರಲ್ಲಿ.

ಚನ್ನರಾಯಪಟ್ಟಣದ ಹುಡುಗನಿಗೆ ಕ್ಷಮೆ ಕೇಳಿ ಬರೆದೆ. ತುಂಬಾ ದಿನ ಉತ್ತರ ಇಲ್ಲ. ಮೊನ್ನೆ ಬಂತು. ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ, ಅಕ್ಕನಿಗೆ ಹೇಳಿದ್ದಾನೆ. ಅವಳು ಒಂದು ಗಳಿಗೆ ಸುಮ್ಮನಿದ್ದು, ‘ಅವತ್ತು ಹೊಟ್ಟೆನೋವು ಅಂದಿದ್ದು ಇದಕ್ಕೇನಾ?’ ಅಂತ ಕೇಳಿದಳಂತೆ. ಈಗ ಅಪ್ಪ ಹಾಗೆ ಮಾತಾಡೋಕೆ ಶುರು ಮಾಡಿದರೆ, ‘ಅಪ್ಪಾ, ಊಟ ಮಾಡೋವಾಗ ಯಾರನ್ನೂ ಬೈಬೇಡ’ ಅಂತಾಳಂತೆ.