ಬಟ್ಟಲಿನ ಬಣ್ಣ ಹುಟ್ಟಿದ್ದು ಗುಂಡಿಯಲ್ಲಿ

ಗುಂಡಿ! ಕೋಟಿಗೆ, ಗೌನಿಗೆ ಹೊಲಿಯುವ ಗುಂಡಿ! ಇಪ್ಪತ್ತನೇ ಶತಮಾನದ ಅತಿ ನಾಜೂಕಿನ ಬಟ್ಟಲುಗಳನ್ನು ತಿಗರಿಯ ಮೇಲೆ ಎತ್ತಿದ ಕೈಗಳು ವರ್ಷಗಟ್ಟಲೆ ಮಾಡಿದ್ದು ಮಣ್ಣಿನ ಗುಂಡಿ, ಓಲೆ, ಬ್ರೂಚುಗಳನ್ನು ಎಂದರೆ ನಂಬುತ್ತೀರಾ? ಇದು ತಿಳಿದಂದಿನಿಂದ, ಆ ಕೈಗಳ ಒಡತಿ ಲೂಸಿ ರೀ ಅವರ ಯಾವ ಬಟ್ಟಲಿನ ಚಿತ್ರ ಕಂಡರೂ ನನ್ನ ಕಣ್ಣು ಅದರಲ್ಲಿ ಗುಂಡಿಯನ್ನೇ ಹುಡುಕುತ್ತದೆ.

1902ರಲ್ಲಿ ವಿಯೆನ್ನಾದ ಯಹೂದಿ ಮನೆಯಲ್ಲಿ ಹುಟ್ಟಿದ ಲೂಸಿ, ಯುರೋಪಿನ ಪ್ರದರ್ಶನಗಳಲ್ಲಿ ಆಗಲೇ ಹೆಸರು ಮಾಡಿದ್ದ ಕುಂಬಾರ್ತಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಲೂಸಿ ಲಂಡನ್ನಿಗೆ ಓಡಿಬಂದರು. ಅಲ್ಲಿ ಹೆಸರಾಂತ ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್ ಮೆಚ್ಚುವ ದಪ್ಪ, ಗಟ್ಟಿ ಪಾತ್ರೆಗಳಿಗೇ ಮಾನ. ಇವರ ತೆಳ್ಳನೆಯ ಬಟ್ಟಲನ್ನು ಕೇಳುವವರೇ ಇಲ್ಲ! ಹೊಟ್ಟೆಪಾಡಿಗೆ, ತಮ್ಮಂತೆಯೇ ಆಸ್ಟ್ರಿಯಾದಿಂದ ಬಂದಿದ್ದ ಫ್ರಿಟ್ಸ್ ಲಾಂಪ್ಲ್ ಅವರ ಗಾಜಿನ ಗುಂಡಿಯ ಕೆಲಸಕ್ಕೆ ಸೇರಿದರು. ಆಮೇಲೆ ಆಲ್ಬಿಯನ್ ಮ್ಯೂಸ್ ಓಣಿಯ ತಮ್ಮ ಪುಟ್ಟ ಮನೆಯಲ್ಲೇ ಮಣ್ಣಿನ ಗುಂಡಿಯ ಕಾರ್ಖಾನೆ ಶುರು.

ಇಲ್ಲಿಂದ ಮುಂದಿನದು ನಿಜಕ್ಕೂ ಪವಾಡ. ಪ್ಲಾಸ್ಟರ್ ಅಚ್ಚಿಗೆ ಮಣ್ಣು ಒತ್ತಿದರೆ ಒಂದು ಗುಲಾಬಿ, ಇನ್ನೊಂದು ಗಂಟು; ಅದು ಸುಲಭ. ಕಷ್ಟವೆಲ್ಲ ಬಣ್ಣದ್ದು! ಉಡುಪಿನ ಅಂಗಡಿಯವರು ಬಟ್ಟೆಯ ತುಂಡು ತಂದು, ಇದೇ ಬಣ್ಣ ಬೇಕು ಎನ್ನುತ್ತಿದ್ದರು. ಗ್ಲೇಜು ಎಂಬ ಹೊಳಪಿನ ಲೇಪ ಹಚ್ಚುವಾಗ ಒಂದು ಬಣ್ಣ, ಆವಿಗೆಯಿಂದ ಹೊರಬಂದಾಗ ಬೇರೆಯೇ ಬಣ್ಣ. ಲೇಪದಲ್ಲಿನ ತಾಮ್ರ, ಕೋಬಾಲ್ಟ್, ಮ್ಯಾಂಗನೀಸ್ ಬೆಂಕಿಯಲ್ಲಿ ಹೇಗೆ ವರ್ತಿಸುತ್ತವೆಂದು ಮೊದಲೇ ಊಹಿಸಿ ರೇಷ್ಮೆಯ ನೀಲಿಗೆ ನೀಲಿ, ಉಣ್ಣೆಯ ಹಸಿರಿಗೆ ಹಸಿರು ಕೂಡಿಸಬೇಕು. ಗುಂಡಿಯ ನೆಪದಲ್ಲಿ ಲೂಸಿ ನಡೆಸಿದ್ದು ಬಣ್ಣದ ಮಹಾ ಪ್ರಯೋಗಶಾಲೆ! ಮುಂದೆ ಅವರ ಬಟ್ಟಲುಗಳಲ್ಲಿ ಬೆಳಗಿದ ಯುರೇನಿಯಂ ಹಳದಿ, ಅಂಚಿನಿಂದ ಕರಗಿ ಇಳಿಯುವ ಕಂಚಿನ ಹೊಳಪು, ಎಲ್ಲದರ ಹಿಂದೆಯೂ ಈ ಅಭ್ಯಾಸವಿದೆ ಎಂದೇ ನನ್ನ ನಂಬಿಕೆ.

ಇನ್ನೊಂದು ಬೆರಗು ಕೇಳಿ. 1946ರಲ್ಲಿ ಗುಂಡಿಯ ಕೆಲಸಕ್ಕೆ ಕೈ ಸಾಲದೆ, ಮಣ್ಣು ಮುಟ್ಟಿಯೇ ಗೊತ್ತಿಲ್ಲದ ಒಬ್ಬ ನಿರಾಶ್ರಿತ ಯುವಕನನ್ನು ಸೇರಿಸಿಕೊಂಡರು. ಅವನು ಹಾನ್ಸ್ ಕೋಪರ್! ಮುಂದೆ ಲೂಸಿಗೆ ಸರಿಸಮನಾಗಿ ನಿಂತ ಮಹಾನ್ ಕುಂಬಾರ.

ಜಪಾನಿನ ವಸ್ತ್ರ ವಿನ್ಯಾಸಕ ಇಸ್ಸೆ ಮಿಯಾಕೆ ಈ ಗುಂಡಿಗಳಿಗೆ ಮನಸೋತು 1989ರಲ್ಲಿ ತಮ್ಮ ಉಡುಪುಗಳಿಗೇ ಹೊಲಿಸಿದರು. ಹೊಟ್ಟೆಪಾಡಿಗೆ ಮಾಡಿದ ಗುಂಡಿ, ನಾಲ್ಕು ದಶಕದ ಮೇಲೆ, ಫ್ಯಾಶನ್ ಲೋಕದ ತುತ್ತತುದಿಯಲ್ಲಿ!

ಲೂಸಿ 1995ರಲ್ಲಿ ತೀರಿಕೊಂಡರು. ಅವರ ಕೆಲಸದ ಕೋಣೆಯನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಮರುಜೋಡಿಸಿಟ್ಟಿದ್ದಾರೆ. ಆ ಕಡೆ ಹೋದರೆ ಬಟ್ಟಲು ನೋಡಿ ಬಂದುಬಿಡಬೇಡಿ; ಅವರು ಮಾಡಿದ ಗುಂಡಿಗಳು ಎಲ್ಲಿವೆ ಎಂದು ಕೇಳಿ, ಹುಡುಕಿ ನೋಡಿ.