ಮಹಾವೀರಾಚಾರ್ಯನ ಒಂದು ಸಂಖ್ಯಾಮಾಲೆ

ನೃಪತುಂಗನ ಹೆಸರು ಬಂದೊಡನೆ ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಕವಿರಾಜಮಾರ್ಗವು ನೆನಪಾಗುವುದು ಸಹಜ. ಅದೇ ರಾಷ್ಟ್ರಕೂಟ ಚಕ್ರವರ್ತಿಯನ್ನು ಸ್ತುತಿಸಿ, ಸುಮಾರು 850ರಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಪದ್ಯಗ್ರಂಥವನ್ನು ರಚಿಸಿದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಪಡಿಸಿದರು.

ಗುಣಾಕಾರದ ಉದಾಹರಣೆಗಳಲ್ಲಿ ಆಚಾರ್ಯನು 27994681ನ್ನು 441ರಿಂದ ಗುಣಿಸಲು ಹೇಳುತ್ತಾನೆ. ಬರುವ ಲಬ್ಧ 12345654321. ಎಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಮಾಲೆ. ಇಂತಹ ಕೆಲವು ಲಬ್ಧಗಳನ್ನು ಅವನು ಅರಸನ ಕಂಠಾಭರಣಕ್ಕೆ ಹೋಲಿಸುತ್ತಾನೆ. ಇದು ಕೇವಲ ವಿನೋದವೆ?

ಈ ಸಂಖ್ಯೆ 111111ರ ವರ್ಗ. ಆರು ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸಿ ಆರು ಬಾರಿ ಬರೆದು ಕೂಡಿದರೆ ಕಂಬಸಾಲುಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು ಎಂದು ಆರರವರೆಗೆ ಒಂದುಗಳು ಸೇರಿ ಮತ್ತೆ ಕಡಿಮೆಯಾಗುತ್ತವೆ. ಯಾವ ಸ್ಥಾನದಲ್ಲಿಯೂ ಮೊತ್ತವು ಒಂಬತ್ತನ್ನು ಮೀರದಿರುವುದರಿಂದ ದಶಕವು ಮುಂದಿನ ಮನೆಗೆ ಹೋಗುವುದಿಲ್ಲ. ಒಂಬತ್ತು ಒಂದುಗಳವರೆಗೆ ಹೀಗೆಯೇ ನಡೆಯುತ್ತದೆ. ಹತ್ತಾದರೆ ಮಾಲೆ ಹರಿದು 1234567900987654321 ಆಗುತ್ತದೆ. ಎಂಟು ಎಲ್ಲಿ ಹೋಯಿತೆಂದು ಮಕ್ಕಳು ಕೇಳದೆ ಬಿಡುವುದಿಲ್ಲ!

ಇನ್ನು ಅಪವರ್ತನಗಳ ವಿಚಾರ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ ಇರುತ್ತದೆ. ಆದ್ದರಿಂದ ನಮ್ಮ ಸಂಖ್ಯೆಗೆ 243 ಭಾಜಕಗಳು. ಒಂದರಿಂದ ಗುಣಿಸುವುದನ್ನು ಬಿಟ್ಟರೆ, ಇದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ 121 ಬಗೆಯಲ್ಲಿ ಬರೆಯಬಹುದು. ಇವುಗಳಲ್ಲಿ ಗುಣ್ಯ, ಗುಣಕಗಳೆರಡೂ ಪೂರ್ಣವರ್ಗಗಳಾಗಿರುವುವು 15 ಮಾತ್ರ. ಆಚಾರ್ಯನು ಆರಿಸಿದ ಜೋಡಿ ಈ ಹದಿನೈದರಲ್ಲಿ ಒಂದು: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ ಆರು ಒಂದುಗಳೇ ಬರುತ್ತವೆ.

ಆಕಸ್ಮಿಕವಾಗಿ ಇಂತಹ ಜೋಡಿ ದೊರೆಯುವುದು ಎಂಟರಲ್ಲಿ ಒಂದು ಸಲ. ಇದು ಪ್ರಮಾಣವಲ್ಲ, ಸೂಚನೆ ಮಾತ್ರ. ಆದರೂ ಅವನು ಮೊದಲು ಮಾಲೆಯನ್ನು ಕಟ್ಟಿ, ಅನಂತರ ಅದನ್ನು ಬಿಡಿಸಿ, ಬಿಡಿ ಮಣಿಗಳನ್ನು ಶಿಷ್ಯನ ಕೈಗಿತ್ತನೆಂದೇ ನನ್ನ ಅಭಿಪ್ರಾಯ. 111111ನ್ನೇ ಕೊಟ್ಟಿದ್ದರೆ ಗುಟ್ಟು ಬಯಲಾಗುತ್ತಿತ್ತು. 27994681ರ ಮುಖದಲ್ಲಿ ಮಾಲೆಯ ಸುಳಿವೇ ಇಲ್ಲ. ಅವನದೇ ಇನ್ನೊಂದು ಲೆಕ್ಕವಾದ 15151ರಲ್ಲಿ ಈ ಸ್ವಾತಂತ್ರ್ಯವಿರಲಿಲ್ಲ. ಅದರ ಅಪವರ್ತನಗಳಾದ 139, 109 ಎರಡೂ ಅವಿಭಾಜ್ಯಗಳಾದುದರಿಂದ ಅದನ್ನು ಬಿಡಿಸಲು ಒಂದೇ ದಾರಿ.