ನೀರಿನ ಜಾಡು ಹಿಡಿದು ಹರ್ಮುಖದ ಮಡಿಲಿಗೆ

ಕಾಶ್ಮೀರಕ್ಕೆ ಹೋದವರೆಲ್ಲ ದಾಲ್ ಸರೋವರ ನೋಡಿಯೇ ಬರುತ್ತಾರೆ. ಅದಕ್ಕಿಂತ ಸುಮಾರು 2,000 ಮೀಟರ್ ಮೇಲೆ, ಸೋನಮಾರ್ಗ್ ಮತ್ತು ನಾರಾನಾಗ್ ನಡುವಿನ ಬೆಟ್ಟಗಳಲ್ಲಿ ಇನ್ನೊಂದು ಸರೋವರಮಾಲೆ ಇದೆ. ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್, ನುಂದ್‌ಕೋಲ್. ಅಲ್ಲಿಗೆ ವಾಹನ ಹೋಗುವುದಿಲ್ಲ. 70 ಕಿಲೋಮೀಟರ್‌ಗೂ ಮಿಕ್ಕಿದ ಹಾದಿ; ಆರೇಳು ದಿನ ಬೆನ್ನಿಗೆ ಚೀಲ ಏರಿಸಿ ನಡೆಯಬೇಕು, ರಾತ್ರಿ ಡೇರೆಯಲ್ಲಿ ಮಲಗಬೇಕು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಈ ದಾರಿ ತೆರೆದಿರುತ್ತದೆ. ಉಳಿದ ತಿಂಗಳು ಅಲ್ಲೆಲ್ಲ ಹಿಮದ್ದೇ ಕಾರುಬಾರು.

ಸೋನಮಾರ್ಗ್ ಪಕ್ಕದ ಶಿಟ್ಕಡಿಯಿಂದ ನಡಿಗೆ ಶುರು. ಮೊದಲು ಹುಲ್ಲುಗಾವಲು, ಆಮೇಲೆ ಬಿಳಿ ತೊಗಟೆ ಸುಲಿಯುವ ಭೋಜಪತ್ರದ ಮರಗಳು. ನಿಚ್ನಾಯ್ ಕಣಿವೆದಾರಿ ಏರುವ ಹೊತ್ತಿಗೆ ಮರಗಳೇ ಕಾಣುವುದಿಲ್ಲ. ಅಲ್ಲಿಂದಾಚೆ ಕಲ್ಲು, ಹುಲ್ಲು, ನೀರು, ಅಷ್ಟೆ.

ವಿಶನ್‌ಸರ್ ದಡದಲ್ಲಿ ಡೇರೆ ಹಾಕಿದವರು ಅವಸರಪಡದೆ ಮೇಲಿನ ಕಿಶನ್‌ಸರ್‌ಗೂ ಹತ್ತಿ ಬರಬೇಕು. ಕಿಶನ್‌ಸರ್‌ನ ನೀರು ಇಳಿದು ವಿಶನ್‌ಸರ್ ಸೇರುತ್ತದೆ. ಅಲ್ಲಿಂದ ಹೊರಬೀಳುವ ತೊರೆಯೇ ಕಿಶನ್‌ಗಂಗಾ ನದಿಯ ಮೂಲ. ಅದು ಗುರೇಜ್ ಕಣಿವೆ ಹಾದು, ಗಡಿ ನಿಯಂತ್ರಣ ರೇಖೆ ದಾಟಿ, ನೀಲಮ್ ಎಂಬ ಹೆಸರು ಪಡೆದು ಮುಜಫ್ಫರಾಬಾದ್‌ನಲ್ಲಿ ಝೇಲಮ್ ಸೇರುತ್ತದೆ. ಹಾದಿಯ ಕೊನೆಗೆ ಸಿಗುವ ಗಂಗಾಬಲ್‌ನ ನೀರು ಇನ್ನೊಂದು ದಿಕ್ಕಿಗೆ ಹರಿದು, ಸಿಂಧ್ ಎಂಬ ಕಾಶ್ಮೀರದ ಉಪನದಿಯ ಮೂಲಕ ಅದೇ ಝೇಲಮ್‌ಗೆ ಬರುತ್ತದೆ. ಇಷ್ಟು ತಿಳಿದು ನಡೆದರೆ ಸರೋವರಗಳು ಬಿಡಿ ಬಿಡಿ ಚಿತ್ರಗಳಾಗಿ ಉಳಿಯುವುದಿಲ್ಲ. ಈ ನಾಡಿನ ನಿಜವಾದ ನಕ್ಷೆ ನೀರಿನದು ಎಂಬುದು ನನ್ನ ನಂಬಿಕೆ.

ಈ ಬೋಗುಣಿಗಳನ್ನೆಲ್ಲ ಕೊರೆದದ್ದು ಹಿಮನದಿಗಳು. ಅವು ಹಿಂದೆ ಸರಿದಾಗ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬಗಳೇ ಹಲವೆಡೆ ಅಣೆಕಟ್ಟಾಗಿ ನಿಂತಿವೆ. ಹಿಮ ಅರೆದ ಕಲ್ಲಿನ ನುಣ್ಣನೆ ಹಿಟ್ಟು ತೇಲುವುದರಿಂದ ನೀರಿಗೆ ಹಸಿರು ಬೆರೆತ ನೀಲಿ ಬಣ್ಣ. ಮೋಡ ಬಂದರೆ ಅದೇ ನೀರು ಕ್ಷಣದಲ್ಲಿ ಸೀಸದ ಬಣ್ಣಕ್ಕೆ ತಿರುಗುತ್ತದೆ.

ಹಾದಿಯ ಅತಿ ಎತ್ತರದ ಜಾಗ ಗಡ್‌ಸರ್ ಪಾಸ್, ಸುಮಾರು 4,200 ಮೀಟರ್. ಈ ಏರಿನಲ್ಲಿ ಗೆಳೆಯರ ಗುಂಪು ತಾನಾಗಿ ಚದುರುತ್ತದೆ. ಒಬ್ಬೊಬ್ಬರ ಉಸಿರಿಗೆ ಒಂದೊಂದು ಲಯ. ನಮ್ಮಲ್ಲಿ ಚುರುಕಾಗಿ ನಡೆಯುವವನು ಮುಂದೆ ಹೋಗಿ ಕಾಯುತ್ತ ಕೂತ, ಮೊಣಕಾಲು ನೋವಿನವನ ಚೀಲವನ್ನು ಇನ್ನಿಬ್ಬರು ಹಂಚಿಕೊಂಡರು. "ನಿಧಾನ ಬಾರೋ ಮಾರಾಯ, ಬೆಟ್ಟ ಎಲ್ಲೂ ಓಡಿಹೋಗಲ್ಲ" ಅಂತ ಮೇಲಿನಿಂದ ಕೂಗು. ತುದಿಯಲ್ಲಿ ನಿಂತು ಹಿಂದಿರುಗಿ ನೋಡಿದರೆ ಕಿಶನ್‌ಸರ್, ವಿಶನ್‌ಸರ್ ಎರಡೂ ಮೇಲೊಂದು ಕೆಳಗೊಂದು ಒಟ್ಟಿಗೆ ಕಾಣುತ್ತವೆ. ಎಲ್ಲರೂ ಬಂದು ಸೇರುವವರೆಗೆ ಯಾರೂ ಆಚೆ ಬದಿಗೆ ಇಳಿಯಲಿಲ್ಲ. ಅಂದು ಸಂಜೆ ಮನೆಯಿಂದ ತಂದ ಸಾರಿನ ಪುಡಿಗೆ ಬಿಸಿನೀರು ಬಿದ್ದಾಗ ಎದ್ದ ಘಮಕ್ಕೆ ಪಕ್ಕದ ಡೇರೆಯವರೂ ಲೋಟ ಹಿಡಿದು ಬಂದರು.

ಗಡ್‌ಸರ್ ನನಗೆ ಎಲ್ಲಕ್ಕಿಂತ ಪ್ರಿಯ. ಬೇಸಿಗೆಯಲ್ಲೂ ಅದರ ನೀರಿನ ಮೇಲೆ ಹಿಮದ ತುಂಡುಗಳು ತೇಲುವುದುಂಟು. ದಡದ ಇಳಿಜಾರೆಲ್ಲ ಹೂ. ಬಂಡೆಗಳ ಸಂದಿನಿಂದ ಮಾರ್ಮೊಟ್‌ಗಳು ಸಿಳ್ಳೆ ಹಾಕಿ ಮಾಯವಾಗುತ್ತವೆ.

ಆದರೆ ಈ ಹುಲ್ಲುಗಾವಲು ಖಾಲಿ ಜಾಗವಲ್ಲ. ಜಮ್ಮುವಿನ ಕಡೆಯ ತಗ್ಗು ನಾಡಿನಿಂದ ವಸಂತದಲ್ಲಿ ಕುರಿ, ಮೇಕೆ, ಕುದುರೆಗಳೊಂದಿಗೆ ಹೊರಟು ಬರುವ ಬಕರ್ವಾಲರ ಬೇಸಿಗೆಯ ಮನೆ ಇದು. ಕಲ್ಲು, ಮರದ ದಿಮ್ಮಿ, ಮಣ್ಣು ಸೇರಿಸಿ ಕಟ್ಟಿದ ತಗ್ಗು ಮನೆಗಳಲ್ಲಿ ಹೊಗೆ ಆಡುತ್ತಿರುತ್ತದೆ. 1991ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ನಾವು ಸಾಹಸ ಎಂದು ನಡೆಯುವ ಹಾದಿಯಲ್ಲಿ ಅವರ ಹೆಂಗಸರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರೆ. ನೀರಿನ ಅಂಚಿಗೇ ಡೇರೆ ಹೊಡೆದು, ಪ್ಲಾಸ್ಟಿಕ್ ಬಿಸಾಕಿ, ಸೋಪು ಹಚ್ಚಿ ಪಾತ್ರೆ ತೊಳೆಯುವವರು ಕೆಡಿಸುವುದು ಈ ಜನರ, ಈ ಮಂದೆಗಳ ಕುಡಿಯುವ ನೀರನ್ನು. ಇದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಸತ್‌ಸರ್ ಕಿರುಕೊಳಗಳ ಸಾಲು. ಮಳೆಗಾಲ ಕಳೆದಂತೆ ಕೆಲವು ಬತ್ತುತ್ತವೆ. ಅದನ್ನು ದಾಟಿ ಝಾಜ್ ಪಾಸ್ ಏರಿದರೆ ಎದುರಿಗೆ 5,142 ಮೀಟರಿನ ಹರ್ಮುಖ, ಅದರ ಬುಡದಲ್ಲಿ ಗಂಗಾಬಲ್, ನುಂದ್‌ಕೋಲ್ ಜೋಡಿ. ಕಾಶ್ಮೀರಿ ಪಂಡಿತರಿಗೆ ಗಂಗಾಬಲ್ ಗಂಗೆಯೇ. ತೀರಿಕೊಂಡವರ ಅಸ್ಥಿಯನ್ನು ಇಲ್ಲಿ ಬಿಡುವ ಪದ್ಧತಿ ಇತ್ತು. ನಿಂತುಹೋಗಿದ್ದ ಯಾತ್ರೆ 2009ರಲ್ಲಿ ಮತ್ತೆ ಆರಂಭವಾಯಿತು. ಜಗತ್ತಿನ ಎರಡನೆಯ ಅತಿ ಎತ್ತರದ ಶಿಖರಕ್ಕೆ ಕೆ2 ಎಂಬ ಹೆಸರು ಬಿದ್ದದ್ದೂ ಈ ಹರ್ಮುಖದಿಂದಲೇ. 1856ರಲ್ಲಿ ಸರ್ವೇಯರ್ ಥಾಮಸ್ ಮಾಂಟ್ಗೊಮರಿ ಇಲ್ಲಿಂದ, 200 ಕಿ.ಮೀ.ಗೂ ಆಚೆಯ ಕಾರಕೋರಂ ಶಿಖರಗಳನ್ನು ಗುರುತಿಸಿ ಕೆ1, ಕೆ2 ಎಂದು ಬರೆದುಕೊಂಡ.

ದಾರಿಯಲ್ಲಿ ಸೇನೆಯ ಶಿಬಿರಗಳಿವೆ, ಗುರುತಿನ ಚೀಟಿ ತೋರಿಸಬೇಕು. ಗಡಿಯ ಪರಿಸ್ಥಿತಿ ನೋಡಿಕೊಂಡು ಅನುಮತಿಯ ನಿಯಮ ಬದಲಾಗುತ್ತದೆ, ಹೊರಡುವ ಮುಂಚೆ ವಿಚಾರಿಸಿ. ಮೊಬೈಲ್ ನಂಬಬೇಡಿ. ತಲೆನೋವು, ವಾಕರಿಕೆ ಹೆಚ್ಚಾಗುತ್ತಿದ್ದರೆ ಗೆಳೆಯನ ಮುಖ ನೋಡದೆ ಅವನನ್ನು ಕೆಳಗೆ ಇಳಿಸಿ. ಎತ್ತರದ ಕಾಯಿಲೆಗೆ ಛಲ ಮದ್ದಲ್ಲ.

ಗಂಗಾಬಲ್‌ನಿಂದ ಪೈನ್ ಕಾಡಿನ ಕಡಿದಾದ ಇಳಿಜಾರು ನಾರಾನಾಗ್‌ಗೆ ತಂದು ಮುಟ್ಟಿಸುತ್ತದೆ. 8ನೇ ಶತಮಾನದ ದೊರೆ ಲಲಿತಾದಿತ್ಯನ ಹೆಸರಿನೊಂದಿಗೆ ಸೇರಿಕೊಂಡ ಶಿವಾಲಯಗಳು ಇಲ್ಲಿ ಪಾಳುಬಿದ್ದಿವೆ. ಕನ್ನಡಿಗರಿಗೆ ಇಲ್ಲಿ ಇನ್ನೊಂದು ನೆನಪೂ ಬರಬೇಕು. 11ನೇ ಶತಮಾನದಲ್ಲಿ ಇದೇ ಕಾಶ್ಮೀರ ಬಿಟ್ಟು ಹೊರಟ ಕವಿ ಬಿಲ್ಹಣ ಊರೂರು ಅಲೆದು ಕೊನೆಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ಚಾಲುಕ್ಯ ದೊರೆಯನ್ನು ಹೊಗಳಲು ಬರೆದ 'ವಿಕ್ರಮಾಂಕದೇವಚರಿತ'ದ ಕೊನೆಯ ಸರ್ಗವನ್ನು ಅವನು ತನ್ನ ಕಾಶ್ಮೀರಕ್ಕೆ, ತನ್ನ ಊರು ಮನೆತನಕ್ಕೆ ಮೀಸಲಿಟ್ಟಿದ್ದಾನೆ.